ಹಳೆಯ ಎಂಜಿನ್ ಬೇಲರ್: ಕೊಳ್ಳುವ ಮುನ್ನ ದೋಷ ಹಿಡಿಯುವ ಬಗೆ

ಹಳೆಯ ಬೇಲರ್ (ಒಣಹುಲ್ಲನ್ನು ಒತ್ತಿ ಪಿಂಡಿ ಕಟ್ಟುವ ಯಂತ್ರ) ಮಾರುವವರು ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಅದು ಗುಡುಗುಟ್ಟಿ ಎದ್ದಿತೆಂದರೆ ಕೊಳ್ಳುವವರ ಅರ್ಧ ಅನುಮಾನ ಅಲ್ಲೇ ಕರಗಿಹೋಗುತ್ತದೆ. ಹಾಗೆ ಕರಗಲು ಬಿಡಬೇಡಿ. ಎಂಜಿನ್ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು, ಆಗದಿದ್ದರೆ ಇಳಿಸಿ ಬೇರೆಯದನ್ನು ಕೂರಿಸಬಹುದು. ಗಂಟು ಹಾಕುವ ನಾಟರ್, ಅದಕ್ಕೆ ಹುರಿ ತಂದುಕೊಡುವ ಸೂಜಿ, ಹುಲ್ಲು ಒತ್ತುವ ಪ್ಲಂಜರ್, ಗೇರ್‌ಬಾಕ್ಸ್ ಸವೆದು ಹೋಗಿದ್ದರೆ ಮಾತ್ರ ಪುಕ್ಕಟೆ ಸಿಕ್ಕ ಯಂತ್ರವೂ ದುಬಾರಿಯೇ. ಅದಕ್ಕೇ ಇಲ್ಲಿ ಪರೀಕ್ಷೆಯ ಕ್ರಮ ತಿರುವುಮುರುವಾಗಿದೆ: ಮೊದಲು ಗಂಟು, ಆಮೇಲೆ ಪ್ಲಂಜರ್, ಎಂಜಿನ್ ಕೊನೆಗೆ.

ಯಾವ ಯಂತ್ರದ ಮಾತು

1940ರ ದಶಕದಿಂದ 1960ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ, ಮೈಮೇಲೆ ತನ್ನದೇ ಎಂಜಿನ್ ಹೊತ್ತ ಚೌಕ ಪಿಂಡಿಯ ಬೇಲರ್‌ಗಳ ಬಗ್ಗೆ ಹೇಳುತ್ತಿದ್ದೇವೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಎಡ್ವಿನ್ ನೋಲ್ಟ್ ರೂಪಿಸಿದ, ತಾನೇ ಗಂಟು ಹಾಕುವ ಬೇಲರನ್ನು ನ್ಯೂ ಹಾಲಂಡ್ ಕಂಪನಿ 1940ರಲ್ಲಿ ಮಾರುಕಟ್ಟೆಗೆ ತಂದಿತು. ಆ ಬಳಿಕ ಜಾನ್ ಡಿಯರ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮೊದಲಾದವರೂ ಇಳಿದರು. ಸಾಮಾನ್ಯವಾಗಿ ಕಾಣಸಿಗುವ ಪಿಂಡಿಯ ಅಡ್ಡಳತೆ 14×18 ಇಂಚು, ಉದ್ದ 36 ಇಂಚಿನ ಆಸುಪಾಸು. ಒಣಹುಲ್ಲಾದರೆ ಒಂದು ಪಿಂಡಿ 18ರಿಂದ 25 ಕಿಲೋ ತೂಗುತ್ತದೆ.

ಟ್ರಾಕ್ಟರ್ ಇದ್ದರೂ ಬೇಲರ್‌ಗೆ ಬೇರೆ ಎಂಜಿನ್ ಏಕೆ ಬೇಕಾಯಿತು ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು, ಏಕೆಂದರೆ ನಿಮಗೆ ಈ ಯಂತ್ರ ಬೇಕೋ ಬೇಡವೋ ಎಂಬುದು ಅದರಲ್ಲೇ ತೀರ್ಮಾನವಾಗುತ್ತದೆ. ಆ ಕಾಲದ ಹಲವು ಟ್ರಾಕ್ಟರ್‌ಗಳಲ್ಲಿ, ಉದಾಹರಣೆಗೆ 1947ರಿಂದ 1952ರವರೆಗೆ ಬಂದ ಫೋರ್ಡ್ 8ಎನ್‌ನಲ್ಲಿ, ಚಕ್ರಕ್ಕೂ ಪಿಟಿಒಗೂ (ಟ್ರಾಕ್ಟರ್ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟ್) ಒಂದೇ ಕ್ಲಚ್. ಹುಲ್ಲಿನ ಸಾಲು ದಪ್ಪಗಿದೆ ಎಂದು ಕ್ಲಚ್ ಒತ್ತಿ ಟ್ರಾಕ್ಟರ್ ನಿಲ್ಲಿಸಿದರೆ ಬೇಲರ್ ಕೂಡ ನಿಲ್ಲುತ್ತಿತ್ತು. ಬಾಯಿ ತುಂಬ ಹುಲ್ಲು ಸಿಕ್ಕಿಕೊಂಡಿರುತ್ತಿತ್ತು. ಬೇಲರ್‌ಗೆ ಸ್ವಂತ ಎಂಜಿನ್ ಇದ್ದರೆ ಟ್ರಾಕ್ಟರ್ ನಿಂತರೂ ಪ್ಲಂಜರ್ ಹೊಡೆಯುತ್ತಲೇ ಇರುತ್ತದೆ. ಐದಾರು ಎಕರೆ ಹುಲ್ಲು, 20 ಅಶ್ವಶಕ್ತಿಯ ಪುಟ್ಟ ಟ್ರಾಕ್ಟರ್ ಇರುವವರಿಗೆ ಇಂದಿಗೂ ಅದೇ ಲಾಭ: ಟ್ರಾಕ್ಟರ್ ಬರೀ ಎಳೆದರೆ ಸಾಕು. 35 ಅಶ್ವಶಕ್ತಿಗೂ ಮೇಲಿನ, ಡ್ಯುಯಲ್ ಕ್ಲಚ್ ಪಿಟಿಒ ಇರುವ ಟ್ರಾಕ್ಟರ್ ನಿಮ್ಮಲ್ಲಿದ್ದರೆ ಎಂಜಿನ್ ಬೇಲರ್‌ನ ಗೊಡವೆಯೇ ಬೇಡ. ಪಿಟಿಒದ್ದನ್ನೇ ನೋಡಿ.

ಸಿಂಧನೂರು, ಗಂಗಾವತಿ, ದಾವಣಗೆರೆ, ಮಂಡ್ಯದ ಕಡೆ ಕಂಬೈನ್ ಹೋದ ಮೇಲೆ ಭತ್ತದ ಹುಲ್ಲು ಕಟ್ಟುವ ಚೌಕ ಬೇಲರ್‌ಗಳು ಪಿಟಿಒದಿಂದ ಓಡುವಂಥವು. ಆದರೆ ಅವುಗಳ ನಾಟರ್, ಸೂಜಿ, ಪ್ಲಂಜರ್ ಇದೇ ವಂಶದವು. ಕೆಳಗಿನ ಗಂಟು, ಶಿಯರ್ ಬೋಲ್ಟ್ (ಹೊರೆ ಮಿತಿಮೀರಿದಾಗ ತಾನು ಮುರಿದು ಯಂತ್ರ ಉಳಿಸುವ ಬೋಲ್ಟ್), ಪಿಂಡಿಯ ಆಕಾರದ ಭಾಗಗಳನ್ನು ಸೆಕೆಂಡ್ ಹ್ಯಾಂಡ್ ಪಿಟಿಒ ಬೇಲರ್ ನೋಡಲು ಹೋಗುವವರೂ ಹಾಗೆಯೇ ಬಳಸಬಹುದು.

ಎಂಜಿನ್ ಆಫ್ ಇಟ್ಟು ಮೊದಲ ಪರೀಕ್ಷೆ

ಜೊತೆಗೆ ಒಯ್ಯಬೇಕಾದವು: ಒಂದು ಉಂಡೆ ಬೇಲರ್ ಹುರಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಟಾರ್ಚ್, ಉದ್ದದ ಸ್ಕ್ರೂಡ್ರೈವರ್, ವೈರ್ ಬ್ರಶ್, ಸ್ಪಾರ್ಕ್ ಪ್ಲಗ್ ಪಾನಾ. ಸಾಧ್ಯವಾದರೆ ಆ ಮಾದರಿಯ ಕೈಪಿಡಿ.

ಸ್ಪಾರ್ಕ್ ಪ್ಲಗ್‌ಗಳ ವೈರ್ ಕಿತ್ತಿಡಿ, ಕ್ಲಚ್ ಲಿವರ್ ಬಿಡಿಸಿ. ಫ್ಲೈವೀಲ್ (ಪ್ಲಂಜರ್ ಓಡಿಸುವ ಭಾರದ ಚಕ್ರ) ಮುಟ್ಟುವವರು ಒಬ್ಬರೇ ಇರಲಿ. ಇನ್ನೊಬ್ಬರು ಒಳಗೆ ಕೈಯಿಟ್ಟು ನೋಡುವಾಗ ಚಕ್ರ ತಿರುಗಿಸಬಾರದು. ಪ್ಲಂಜರ್‌ನ ಬ್ಲೇಡ್ ಕೈಬಲಕ್ಕೂ ಬೆರಳು ಕತ್ತರಿಸುತ್ತದೆ.

ಫ್ಲೈವೀಲನ್ನು ಓಡುವ ದಿಕ್ಕಿಗೇ ತಿರುಗಿಸಿ. ಹಿಂದಕ್ಕೆ ತಿರುಗಿಸಬೇಡಿ. ನಾಲ್ಕೈದು ಸುತ್ತು ಸಲೀಸಾಗಿ ಬರಬೇಕು. ಎಲ್ಲೋ ಒಂದೇ ಜಾಗದಲ್ಲಿ ಬಿಗಿಯಾಗುತ್ತಿದ್ದರೆ ಬ್ಲೇಡಿಗೆ ಬ್ಲೇಡ್ ತಾಗುತ್ತಿದೆ ಅಥವಾ ಪ್ಲಂಜರ್ ಹಳಿಯ ಮೇಲೆ ತುಕ್ಕು ಕೂತಿದೆ. ಈಗ ಚಕ್ರವನ್ನು ಒಂದಿಂಚು ಹಿಂದೆಮುಂದೆ ಅಲುಗಾಡಿಸಿ ಪ್ಲಂಜರ್ ಗಮನಿಸಿ. ಚಕ್ರ ಗಣನೀಯವಾಗಿ ತಿರುಗಿದ ಮೇಲೆ ಪ್ಲಂಜರ್ ಅಲುಗಿದರೆ ಆಟ ಎಲ್ಲಿದೆ ಹುಡುಕಿ: ಗೇರ್‌ಬಾಕ್ಸ್‌ನಲ್ಲೋ, ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲೋ, ಪ್ಲಂಜರ್ ಪಿನ್ನಿನಲ್ಲೋ. ಪಿನ್ ಮತ್ತು ಬುಶ್ ಲೇತ್‌ನಲ್ಲಿ ಮಾಡಿಸಬಹುದು. ಗೇರ್‌ಬಾಕ್ಸ್ ಆದರೆ ಡ್ರೈನ್ ನಟ್ ಸಡಿಲಿಸಿ ಒಂದಿಷ್ಟು ಎಣ್ಣೆ ಬೆರಳಿಗೆ ತೆಗೆದುಕೊಂಡು ಉಜ್ಜಿ. ಲೋಹದ ಚೂರು ಹೊಳೆದರೆ ಮಾತುಕತೆ ನಿಲ್ಲಿಸಿ. ಎಣ್ಣೆಯೇ ಬರದೆ ನೀರು ಬಂದರೂ ಅಷ್ಟೇ.

ಇನ್ನು ನಾಟರ್‌ನ ಸುತ್ತು. ಪಿಂಡಿಯ ಉದ್ದ ಅಳೆಯುವ ಹಲ್ಲಿನ ಚಕ್ರದಿಂದ ಟ್ರಿಪ್ ಲಿವರ್ ಬಿಡಿಸಿ, ಫ್ಲೈವೀಲ್ ನಿಧಾನ ತಿರುಗಿಸುತ್ತ ಹೋಗಿ. ಸೂಜಿಗಳು ಕೆಳಗಿಂದ ಎದ್ದು, ನಾಟರ್‌ಗೆ ಹುರಿ ಕೊಟ್ಟು, ವಾಪಸ್ ಮನೆಗೆ, ಅಂದರೆ ಕೆಳಗಿನ ತಮ್ಮ ಜಾಗಕ್ಕೆ, ಬಂದು ನಿಲ್ಲಬೇಕು. ಇಷ್ಟರಲ್ಲಿ ನೋಡಬೇಕಾದ್ದು ಮೂರು.

ಸೂಜಿ ಮನೆ ಬಿಟ್ಟ ಕೂಡಲೇ ಪ್ಲಂಜರ್ ತಡೆ, ಅಂದರೆ ಸೂಜಿಯನ್ನು ಕಾಯುವ ಕಬ್ಬಿಣದ ನಾಲಿಗೆ, ಪಿಂಡಿ ರೂಪುಗೊಳ್ಳುವ ಚೇಂಬರಿನೊಳಕ್ಕೆ ಬರಬೇಕು. ಟೈಮಿಂಗ್ ತಪ್ಪಿದ ದಿನ ಪ್ಲಂಜರ್ ಇದಕ್ಕೆ ಬಡಿದು ಶಿಯರ್ ಬೋಲ್ಟ್ ಮುರಿಯುತ್ತದೆ, ಸೂಜಿ ಉಳಿಯುತ್ತದೆ. ಹಳೆಯ ಯಂತ್ರಗಳಲ್ಲಿ ಇದು ತುಕ್ಕು ಹಿಡಿದೋ ಹೊಸ ಬಣ್ಣ ಮೆತ್ತಿಕೊಂಡೋ ಜಾಮ್ ಆಗಿರುವುದೇ ಹೆಚ್ಚು. ಎರಡನೆಯದು, ಸೂಜಿ ಮೇಲೇರುವಾಗ ಪ್ಲಂಜರ್ ಹುಲ್ಲನ್ನು ಒತ್ತಿ ಹಿಡಿದಿರಬೇಕು, ಸೂಜಿ ಅದರ ಮುಖದ ಸೀಳಿನೊಳಗೇ ಹೋಗಬೇಕು. ಎಷ್ಟು ಇಂಚಿನ ಅಂತರ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಅದಕ್ಕೇ ಕೈಪಿಡಿ. ಮೂರನೆಯದು, ಮನೆಗೆ ಬಂದ ಸೂಜಿ ಅಲ್ಲೇ ನಿಲ್ಲಬೇಕು. ಕೈಯಿಂದ ತಳ್ಳಿದರೆ ಸುಲಭವಾಗಿ ಜಾರಿದರೆ ನಾಟರ್ ಬ್ರೇಕ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ಬಿದ್ದಿದೆ. ಎಣ್ಣೆಯಾದರೆ ಒರೆಸಿ ಸ್ಪ್ರಿಂಗ್ ಬಿಗಿ ಮಾಡಿದರೆ ಸಾಕು.

ಸೂಜಿಯ ಬೆನ್ನಿನ ಮೇಲೆ ಟಾರ್ಚ್ ಹಾಯಿಸಿ. ಹಳದಿ ಗೆರೆ ಕಂಡರೆ ಹಿತ್ತಾಳೆ ಬೆಸುಗೆ: ಹಿಂದೊಮ್ಮೆ ಮುರಿದಿತ್ತು. ಬೆಸುಗೆ ಹಾಕಿದ ಸೂಜಿ ಕೆಲಸ ಮಾಡುವುದಿಲ್ಲ ಎಂದೇನಿಲ್ಲ, ಆದರೆ ಬಾಗು ಒಂದೆರಡು ಮಿ.ಮೀ. ತಪ್ಪಿದ್ದರೂ ಹುರಿ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಮಾರುವವರು ‘ಗಂಟು ಆಗಾಗ ತಪ್ಪುತ್ತದೆ, ಅಡ್ಜಸ್ಟ್ ಮಾಡಿದರೆ ಸರಿಹೋಗುತ್ತದೆ’ ಎಂದಾಗ ಮೊದಲು ಇದನ್ನು ನೋಡಿ.

ಗಂಟು ತಪ್ಪುತ್ತಿದ್ದರೆ

ನಾಟರ್ ಎಂದರೆ ಎಲ್ಲರಿಗೂ ಭಯ. 1870ರ ದಶಕದ ಕೊನೆಯಲ್ಲಿ ಜಾನ್ ಆಪಲ್‌ಬೀ ಕೊಯ್ಲು ಯಂತ್ರಕ್ಕೆಂದು ರೂಪಿಸಿದ ತತ್ತ್ವವೇ ಇದರಲ್ಲೂ ಇರುವುದು. ಭಾಗಗಳು ಬೆರಳೆಣಿಕೆಯಷ್ಟು. ಗಿಣಿಯ ಕೊಕ್ಕಿನಂತೆ ಬಾಗಿದ ಬಿಲ್‌ಹುಕ್, ಅದರ ಪುಟ್ಟ ನಾಲಿಗೆ, ಹುರಿಯ ತುದಿ ಕಚ್ಚಿ ಹಿಡಿಯುವ ಟ್ವೈನ್ ಡಿಸ್ಕ್ ಮತ್ತು ಅದರ ಹಿಡಿಕೆ, ಹುರಿ ಕತ್ತರಿಸಿ ಗಂಟನ್ನು ಕೊಕ್ಕಿನಿಂದ ಒರೆಸಿ ತಳ್ಳುವ ನೈಫ್ ಆರ್ಮ್, ಹುರಿಯನ್ನು ಸರಿಯಾದ ಜಾಗಕ್ಕೆ ದೂಡುವ ಟಕರ್ ಬೆರಳು. ಪಿಂಡಿಗೆ ಸುತ್ತಿಕೊಂಡ ಎಳೆಯ ಒಂದು ತುದಿ ಡಿಸ್ಕಿನಲ್ಲಿ ಮೊದಲೇ ಸಿಕ್ಕಿರುತ್ತದೆ. ಇನ್ನೊಂದನ್ನು ಸೂಜಿ ತಂದು ಕೊಡುತ್ತದೆ. ಎರಡನ್ನೂ ಸೇರಿಸಿ ಕೊಕ್ಕು ಒಂದು ಸುತ್ತು ಸುತ್ತುತ್ತದೆ, ನಾಲಿಗೆ ತುದಿಗಳನ್ನು ಕಚ್ಚುತ್ತದೆ, ಆರ್ಮ್ ಬಂದು ಎಳೆಗಳನ್ನು ನಾಲಿಗೆಯ ಮೇಲಿಂದ ಜಾರಿಸುತ್ತದೆ. ಗಂಟು ಬಿತ್ತು.

ತಿರುಪಳಿ ಮುಟ್ಟುವ ಮೊದಲು ಒಂದು ಪ್ರಶ್ನೆ: ತಪ್ಪುತ್ತಿರುವುದು ಒಂದು ಬದಿಯ ಗಂಟೋ ಎರಡೂ ಬದಿಯದೋ? ಒಂದೇ ಬದಿಯಾದರೆ ಆ ನಾಟರ್‌ನ ದೋಷ, ಇಲ್ಲವೇ ಆ ಬದಿಯ ಹುರಿಯದು. ಹುರಿಯ ಉಂಡೆಗಳನ್ನು ಅದಲುಬದಲು ಮಾಡಿ. ದೋಷ ಉಂಡೆಯ ಜೊತೆ ಇನ್ನೊಂದು ಬದಿಗೆ ಹೋದರೆ ನಾಟರ್ ನಿರಪರಾಧಿ. ಎರಡೂ ಬದಿ ಒಟ್ಟಿಗೆ ತಪ್ಪುತ್ತಿದ್ದರೆ ನಾಟರ್ ಬಿಚ್ಚುವುದೇ ದಂಡ. ಸೂಜಿಯ ಟೈಮಿಂಗ್, ಹುಲ್ಲು ಹಿಡಿಯುವ ನಾಯಿಗಳು, ಪಿಂಡಿಯ ಬಿಗಿ, ಈ ಮೂರನ್ನು ನೋಡಿ. ನಾಯಿ ಎಂದರೆ ಚೇಂಬರಿನ ಗೋಡೆಯಲ್ಲಿರುವ ಸ್ಪ್ರಿಂಗ್ ಕೊಕ್ಕೆ; ಪ್ಲಂಜರ್ ಹಿಂದೆ ಸರಿದಾಗ ಹುಲ್ಲು ಮರಳಿ ಉಬ್ಬದಂತೆ ಹಿಡಿಯುವುದು ಅದರ ಕೆಲಸ. ಅದು ಒಳಗೆ ಸಿಕ್ಕಿಕೊಂಡಿದ್ದರೆ ಹುಲ್ಲು ಸೂಜಿಯ ದಾರಿಗೆ ಉಬ್ಬಿ ಬಂದು ಹುರಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಬೆರಳಿನಿಂದ ಒತ್ತಿ ನೋಡಿ, ಪ್ರತಿಯೊಂದೂ ಚಿಮ್ಮಿ ಹೊರಗೆ ಬರಬೇಕು.

ಇನ್ನು ತಪ್ಪಿದ ಹುರಿಯನ್ನು ಎಸೆಯದೆ ಕೈಗೆತ್ತಿಕೊಳ್ಳಿ. ರೋಗ ಅದರ ತುದಿಯಲ್ಲಿ ಬರೆದಿರುತ್ತದೆ.

ಗಂಟು ಸೂಜಿ ತಂದ ಎಳೆಯಲ್ಲಿ ಮಾತ್ರ ಇದ್ದು, ಡಿಸ್ಕಿನ ಎಳೆ ಬರಿದಾಗಿದೆಯೇ? ಅದು ಗಂಟಿಗೆ ಮೊದಲೇ ಡಿಸ್ಕಿನಿಂದ ತಪ್ಪಿಸಿಕೊಂಡಿದೆ. ತುದಿ ಎಳೆದಂತೆ ಉದ್ದವಾಗಿ, ಏರುಪೇರಾಗಿದ್ದರೆ ಹಿಡಿಕೆ ಸಡಿಲ; ಸ್ಪ್ರಿಂಗ್ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ. ತುದಿ ಗಿಡ್ಡವಾಗಿ, ಜಗಿದು ತುಂಡಾದಂತಿದ್ದರೆ ಹಿಡಿಕೆ ಅತಿ ಬಿಗಿ, ಹುರಿಯನ್ನೇ ಕಡಿದಿದೆ; ಕಾಲು ಸುತ್ತು ಸಡಿಲಿಸಿ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸುವವರು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾರೆ.

ಗಂಟು ಡಿಸ್ಕಿನ ಎಳೆಯಲ್ಲಿ ಮಾತ್ರ ಇದ್ದು, ಸೂಜಿಯ ಎಳೆ ಸೇರಿಯೇ ಇಲ್ಲವೇ? ಹುರಿ ಕೊಕ್ಕಿನ ಮೇಲೆ ಬಂದು ಕೂರಲಿಲ್ಲ. ಟಕರ್ ಬೆರಳು ಬಾಗಿದೆಯೇ, ಸೂಜಿ ಪೂರ್ತಿ ಮೇಲೆ ಬರುತ್ತಿದೆಯೇ, ಡಿಸ್ಕಿನ ಸೀಳು ಸೂಜಿ ಬರುವ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಂತಿರುತ್ತದೆಯೇ ನೋಡಿ.

ಎರಡೂ ತುದಿ ನೇರವಾಗಿ ಕತ್ತರಿಸಿದಂತಿದ್ದು, ಸುತ್ತಿದ ಮಡಿಕೆಯ ಗುರುತು ಮಾತ್ರ ಉಳಿದು ಗಂಟಿಲ್ಲದಿದ್ದರೆ ಕೊಕ್ಕು ತಿರುಗಿದೆ, ನಾಲಿಗೆ ಕಚ್ಚಲಿಲ್ಲ. ನಾಲಿಗೆಯ ಸ್ಪ್ರಿಂಗ್ ಬಿಗಿ ಮಾಡಿ. ನಾಲಿಗೆಯ ತುದಿ ಉರುಟಾಗಿ ಸವೆದಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಬಿಲ್‌ಹುಕ್ ಬದಲಿಸಬೇಕು.

ಗಂಟು ಬಿದ್ದು, ಆದರೆ ಕೊಕ್ಕಿನಲ್ಲೇ ನೇತಾಡಿ, ಪಿಂಡಿ ಮುಂದೆ ಸರಿದಾಗ ಹುರಿ ತುಂಡಾಗುತ್ತಿದೆಯೇ? ಆರ್ಮ್ ಕೊಕ್ಕನ್ನು ಉಜ್ಜಿಕೊಂಡು ಹೋಗುತ್ತಿಲ್ಲ, ಅಥವಾ ನಾಲಿಗೆ ಅತಿ ಬಿಗಿ, ಅಥವಾ ಕೊಕ್ಕಿನ ಮೇಲೆ ತುಕ್ಕು. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಮೂರನೆಯದೇ ಸಾಮಾನ್ಯ. ನಯವಾದ ಎಮರಿ ಬಟ್ಟೆಯಿಂದ ತಿಕ್ಕಿ ಕನ್ನಡಿಯಾಗಿಸಿ, ಕೈಯಿಂದ ಹತ್ತಾರು ಗಂಟು ಹಾಕಿಸಿದರೆ ಮಾಯವಾಗುತ್ತದೆ. ಆದರೆ ಹುರಿ ಉಜ್ಜಿ ಉಜ್ಜಿ ಕೊಕ್ಕಿನಲ್ಲಿ ತೋಡು ಬಿದ್ದಿದ್ದರೆ ಉಗುರಿಗೆ ತಿಳಿಯುತ್ತದೆ. ಅದನ್ನು ತಿಕ್ಕಿ ತೆಗೆಯಲಾಗದು. ನೈಫ್ ಆರ್ಮ್ ಕೊಕ್ಕಿನ ಬೆನ್ನನ್ನು ಉದ್ದಕ್ಕೂ ಮೆಲ್ಲಗೆ ತಾಗಿಕೊಂಡು ಹೋಗಬೇಕು. ತಾಗಿದ ಕಡೆ ಹೊಳಪು ಇರುತ್ತದೆ, ತಾಗದ ಕಡೆ ಮಸಿ. ಹಲವು ನಾಟರ್‌ಗಳಲ್ಲಿ ಆರ್ಮನ್ನು ಸ್ವಲ್ಪ ಬಗ್ಗಿಸಿಯೇ ಇದನ್ನು ಸರಿಮಾಡುವುದು.

ಗಂಟು ಗಟ್ಟಿಯಾಗಿದ್ದು ಅದರ ಹಿಂದೆ ಹುರಿ ಹರಿದರೆ ನಾಟರ್ ತನ್ನ ಕೆಲಸ ಮಾಡಿದೆ. ಪಿಂಡಿ ಅತಿ ಬಿಗಿಯಾಗಿದೆ ಅಥವಾ ಹುರಿ ಕಳಪೆ.

ಹುರಿಯ ಬಗ್ಗೆ ಒಂದು ಮಾತು. ಈ ಯಂತ್ರಗಳು ಸೀಸಲ್ ನಾರಿನ ಹುರಿಗೆಂದು ಹುಟ್ಟಿದವು, ಅದರಲ್ಲೂ ಎರಡು ಉಂಡೆ ಸೇರಿ 9,000 ಅಡಿ ಬರುವ ದಪ್ಪದ್ದು. ಪ್ಲಾಸ್ಟಿಕ್ ಹುರಿ ಅಗ್ಗ, ಕೊಳೆಯದು, ಆದರೆ ಜಾರುತ್ತದೆ. ಸವೆದ ಡಿಸ್ಕ್ ಅದನ್ನು ಹಿಡಿಯುವುದಿಲ್ಲ. ಆದ್ದರಿಂದ ಪರೀಕ್ಷೆಗೆ ನಿಮ್ಮದೇ ಸೀಸಲ್ ಹುರಿ ಒಯ್ಯಿರಿ. ಹುರಿ ಬದಲಿಸಿದಾಗಲೆಲ್ಲ ಹಿಡಿಕೆ, ನಾಲಿಗೆ, ಹುರಿಪೆಟ್ಟಿಗೆಯ ಬಿಗಿ ಮೂರನ್ನೂ ಮತ್ತೆ ಹೊಂದಿಸಬೇಕು. ಉಂಡೆಗೆ ಉಂಡೆ ಸೇರಿಸುವಾಗ ಮೊದಲ ಉಂಡೆಯ ಹೊರತುದಿಯನ್ನು ಎರಡನೆಯದರ ಒಳತುದಿಗೆ ಕಟ್ಟಿ, ಬಾಲ ಕತ್ತರಿಸಿ.

ಗಂಟೇ ಹಾಕದಿದ್ದರೆ, ಬಿಡದೆ ಹಾಕುತ್ತಿದ್ದರೆ

ಪಿಂಡಿ ಆರಡಿ ಉದ್ದ ಬಂದರೂ ಸೂಜಿ ಏಳದಿದ್ದರೆ ಅಳತೆಯ ಚಕ್ರ ಹುಲ್ಲಿನ ಮೇಲೆ ಜಾರುತ್ತಿದೆ (ಹಲ್ಲು ಸವೆದಿದೆ, ಇಲ್ಲವೇ ಕೆಳಗೆ ಒತ್ತುವ ಸ್ಪ್ರಿಂಗ್ ಸತ್ತಿದೆ) ಅಥವಾ ನಾಟರ್ ಕ್ಲಚ್‌ನ ಪಾಲ್ (ಹಲ್ಲಿಗೆ ಸಿಕ್ಕಿ ತಿರುಗಿಸುವ ಕೊಕ್ಕೆ) ಕಚ್ಚುತ್ತಿಲ್ಲ. ಟ್ರಿಪ್ ಲಿವರ್ ಕೈಯಿಂದ ಬಿಡಿಸಿದಾಗ ಎದ್ದರೆ ಚಕ್ರದ ದೋಷ, ಆಗಲೂ ಏಳದಿದ್ದರೆ ಪಾಲ್ ಅಥವಾ ನಾಟರ್‌ನ ಶಿಯರ್ ಪಿನ್. ತದ್ವಿರುದ್ಧವಾಗಿ ಪ್ಲಂಜರ್‌ನ ಪ್ರತಿ ಏಟಿಗೂ ಸೂಜಿ ಎದ್ದರೆ ಟ್ರಿಪ್ ಲಿವರ್ ವಾಪಸ್ ಕೂರುತ್ತಿಲ್ಲ: ಸ್ಪ್ರಿಂಗ್ ಕಳಚಿರುತ್ತದೆ ಅಥವಾ ಲಿವರ್ ನಿಲ್ಲುವ ಅಂಚು ಉರುಟಾಗಿರುತ್ತದೆ. ಅಂಚಿಗೆ ಬೆಸುಗೆ ತುಂಬಿಸಿ ಅರದಿಂದ ಚೌಕ ಮಾಡಿದರೆ ಆಯಿತು. ಬೆಲೆ ಇಳಿಸಿ ಕೇಳಲು ಒಳ್ಳೆಯ ನೆಪ, ಯಂತ್ರ ಬಿಟ್ಟುಬರಲು ಕಾರಣವಲ್ಲ.

ಶಿಯರ್ ಬೋಲ್ಟ್ ಪದೇಪದೇ ಮುರಿದರೆ

ಫ್ಲೈವೀಲ್‌ನ ಶಿಯರ್ ಬೋಲ್ಟ್ ಬಿಚ್ಚಿ ನೋಡಿ. ತಲೆಯ ಮೇಲಿನ ಗುರುತಿನಿಂದ ಅದು ಹೈ ಟೆನ್ಸೈಲ್ ಬೋಲ್ಟ್ ಎಂದು ಗೊತ್ತಾದರೆ ಹಿಂದಿನವರು ಮೂಲ ರೋಗ ಬಿಟ್ಟು ಬೋಲ್ಟಿಗೆ ಮದ್ದು ಮಾಡಿದ್ದಾರೆ. ಮುರಿಯಬೇಕಾದ್ದು ಮುರಿಯದಿದ್ದರೆ ಏಟು ಗೇರ್‌ಬಾಕ್ಸಿಗೆ, ಸೂಜಿಗೆ ಹೋಗುತ್ತದೆ. ಆ ಎರಡನ್ನೂ ಇನ್ನೊಮ್ಮೆ ಅನುಮಾನದಿಂದ ನೋಡಿ. ಬೋಲ್ಟ್ ಕೂರುವ ರಂಧ್ರ ಮೊಟ್ಟೆಯಾಕಾರವಾಗಿದ್ದರೆ ಸರಿಯಾದ ಬೋಲ್ಟ್ ಹಾಕಿದರೂ ಆಡಿ ಆಡಿ ಮುರಿಯುತ್ತದೆ; ರಂಧ್ರ ಕೊರೆಸಿ ಗಟ್ಟಿ ಬುಶ್ ಕೂರಿಸಬೇಕು.

ಮೂಲ ರೋಗ ಹೆಚ್ಚಾಗಿ ಬ್ಲೇಡಿನಲ್ಲಿರುತ್ತದೆ. ಪ್ಲಂಜರ್ ಮೇಲೊಂದು, ಚೇಂಬರಿನ ಬಾಯಲ್ಲೊಂದು ಬ್ಲೇಡ್. ಪ್ರತಿ ಏಟಿಗೂ ಅವು ಕತ್ತರಿಯಾಗಿ ಹುಲ್ಲನ್ನು ಕತ್ತರಿಸಬೇಕು. ಎರಡರ ನಡುವಿನ ಸಂದನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಫೀಲರ್ ಗೇಜ್‌ನಿಂದ ಅಳೆಯಿರಿ. ತಾಗಬಾರದು, 0.8 ಮಿ.ಮೀ. ದಾಟಬಾರದು. ಮೇಲೆ ಸರಿಯಿದ್ದು ಕೆಳಗೆ ಅಗಲವಾಗಿದ್ದರೆ ಪ್ಲಂಜರ್ ಒಂದು ಬದಿಗೆ ವಾಲಿದೆ: ಹಳಿ ಅಥವಾ ರೋಲರ್ ಸವೆದಿದೆ. ಅತಿ ಹಳೆಯ ಕೆಲವು ಮಾದರಿಗಳಲ್ಲಿ ಪ್ಲಂಜರ್ ಗಟ್ಟಿ ಮರದ ಪಟ್ಟಿಗಳ ಮೇಲೆ ಜಾರುತ್ತದೆ. ಅವು ಸವೆದಿದ್ದರೆ ಹೆದರಬೇಡಿ, ಬಡಗಿಯೂ ಮಾಡಿಕೊಡಬಲ್ಲ. ಸವೆದ ಕಬ್ಬಿಣದ ಹಳಿ ಹಾಗಲ್ಲ, ಶಿಮ್ (ತೆಳು ತಗಡು) ಇಟ್ಟು ಸರಿದೂಗಿಸಲು ಜಾಗ ಉಳಿದಿದೆಯೇ ನೋಡಿಕೊಳ್ಳಿ.

ಬ್ಲೇಡ್ ಸರಿಯಿದ್ದೂ ಬೋಲ್ಟ್ ಮುರಿದರೆ, ಮುರಿದ ಕ್ಷಣ ಸೂಜಿ ಎಲ್ಲಿತ್ತು ಎಂದು ನೋಡಿ. ಮನೆಯಿಂದ ಹೊರಗಿದ್ದರೆ ಪ್ಲಂಜರ್ ತಡೆಗೆ ಬಡಿದಿದೆ, ಟೈಮಿಂಗ್ ತಪ್ಪಿದೆ. ಮನೆಯಲ್ಲೇ ಇದ್ದರೆ ಬಾಯಿಗೆ ಒಮ್ಮೆಲೇ ರಾಶಿ ಹುಲ್ಲು ಹೋಗಿದೆ ಅಥವಾ ಎಂಜಿನ್ ವೇಗ ಬಿದ್ದಿದೆ. ಫ್ಲೈವೀಲ್ ನಿಧಾನವಾದಷ್ಟೂ ಪ್ರತಿ ಏಟಿನ ಭಾರ ಬೋಲ್ಟಿನ ಮೇಲೇ ಬೀಳುತ್ತದೆ. ಹುಲ್ಲು ದಪ್ಪಗಿದೆ ಎಂದು ಎಂಜಿನ್ ವೇಗ ಇಳಿಸುವುದು ತಪ್ಪು. ಟ್ರಾಕ್ಟರ್ ವೇಗ ಇಳಿಸಬೇಕು.

ಪಿಂಡಿ ಏನು ಹೇಳುತ್ತದೆ

ಮಾರುವವರ ಕೊಟ್ಟಿಗೆಯಲ್ಲಿ ಕಳೆದ ಹಂಗಾಮಿನ ಪಿಂಡಿಗಳಿದ್ದರೆ ಯಂತ್ರಕ್ಕಿಂತ ಮೊದಲು ಅವನ್ನು ನೋಡಿ. ಬಾಳೆಹಣ್ಣಿನಂತೆ ಬಾಗಿದ್ದರೆ ಒಂದು ಬದಿಗೆ ಹೆಚ್ಚು ಹುಲ್ಲು ಹೋಗುತ್ತಿದೆ. ಚೇಂಬರಿಗೆ ಹುಲ್ಲು ತಳ್ಳುವ ಫೀಡರ್ ಕಡ್ಡಿಗಳನ್ನು ಒಂದು ರಂಧ್ರ ಆಚೀಚೆ ಮಾಡಿದರೆ ಸರಿಹೋಗುತ್ತದೆ. ಹುಲ್ಲಿನ ಸಾಲಿನ ಒಂದೇ ಅಂಚಿನಲ್ಲಿ ಓಡಿಸುವವರ ಪಿಂಡಿಯೂ ಹೀಗೇ ಬಾಗುತ್ತದೆ. ಕತ್ತರಿಸುವ ಬದಿ ಒಪ್ಪವಾಗಿರದೆ ಹುಲ್ಲಿನ ಬಾಲಗಳು ನೇತಾಡುತ್ತಿದ್ದರೆ ಬ್ಲೇಡ್ ಮೊಂಡು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಅದು ಬ್ಲೇಡನ್ನು ಬೇಗ ತಿನ್ನುತ್ತದೆ.

ಒಂದು ಪಿಂಡಿ ಬಿಚ್ಚಿ ಪದರ ಎಣಿಸಿ. 36 ಇಂಚಿನಲ್ಲಿ 12ರಿಂದ 15 ಪದರ, ಅಂದರೆ ತಲಾ 6–8 ಸೆಂ.ಮೀ. ಇದ್ದರೆ ಚೆನ್ನ. ಆರೋ ಏಳೋ ಇದ್ದರೆ ಓಡಿಸಿದವರು ಅವಸರದವರು. ಆ ಯಂತ್ರದ ಬೇರಿಂಗ್‌ಗಳೂ ಅಷ್ಟೇ ಏಟು ತಿಂದಿರುತ್ತವೆ. ಉದ್ದ ಪಿಂಡಿಯಿಂದ ಪಿಂಡಿಗೆ ಬೇರೆಯಾಗುತ್ತಿದ್ದರೂ ದಪ್ಪ ಪದರವೇ ಮೊದಲ ಶಂಕಿತ.

ಬಿಗಿ ಹೊಂದಿಸುವುದು ಚೇಂಬರಿನ ಹಿಂತುದಿಯ ಎರಡು ಸ್ಪ್ರಿಂಗ್ ತಿರುಪುಗಳಿಂದ. ಎರಡೂ ಸಮ ಇರಬೇಕು, ಮತ್ತು ಅವು ತಿರುಗಬೇಕು! ತುಕ್ಕಿನಿಂದ ಅಂಟಿಕೊಂಡಿದ್ದರೆ ಆ ಯಂತ್ರವನ್ನು ಹೊತ್ತಿಗೆ ತಕ್ಕಂತೆ ಹೊಂದಿಸಿಯೇ ಇಲ್ಲ. ಇಬ್ಬನಿ ಇರುವಾಗ ಹುಲ್ಲು ಗೋಡೆಗೆ ಹೆಚ್ಚು ಉಜ್ಜುತ್ತದೆ, ಪಿಂಡಿ ತಾನಾಗಿ ಬಿಗಿಯಾಗುತ್ತದೆ. ಬಿಸಿಲೇರಿದಂತೆ ತಿರುಪು ಬಿಗಿ ಮಾಡುತ್ತ ಹೋಗಬೇಕಾಗುತ್ತದೆ. ಅಷ್ಟಾದರೂ ಪಿಂಡಿ ಸಡಿಲ ಬರುವ ಜಾರು ಹುಲ್ಲಿಗೆ ಚೇಂಬರಿನ ಗೋಡೆಗೆ ಬೆಣೆ ಹಾಕುತ್ತಾರೆ. ತೇವ 20% ದಾಟಿದ ಹುಲ್ಲನ್ನು ಕಟ್ಟಿದರೆ ಬೂಸ್ಟು, ಒಳಗೇ ಕಾವು. ಅದಕ್ಕೆ ಯಂತ್ರವನ್ನು ಬೈಯಬೇಡಿ.

ಕೊನೆಗೆ ಎಂಜಿನ್

ಈ ಬೇಲರ್‌ಗಳ ಮೇಲೆ ಹೆಚ್ಚಾಗಿ ಕಾಣುವುದು ಮಿಲ್ವಾಕಿಯ ವಿಸ್ಕಾನ್ಸಿನ್ ಕಂಪನಿಯ ಗಾಳಿ ತಂಪಿನ ವಿ4 ಪೆಟ್ರೋಲ್ ಎಂಜಿನ್: 1.5ರಿಂದ 1.8 ಲೀಟರ್, ಮಾದರಿಗೆ ತಕ್ಕಂತೆ 20ರಿಂದ 30 ಅಶ್ವಶಕ್ತಿ. ಗಟ್ಟಿಮುಟ್ಟು, ಆದರೆ ಅದರ ಶತ್ರು ಬೇಲರೇ. ತಂಪಿಗೆಂದು ಎಂಜಿನ್ನಿನ ಫ್ಲೈವೀಲ್ ಎಳೆದುಕೊಳ್ಳುವ ಗಾಳಿಯ ಜೊತೆ ಹುಲ್ಲಿನ ಹೊಟ್ಟೂ ಬಂದು ಸಿಲಿಂಡರಿನ ರೆಕ್ಕೆಗಳ ನಡುವೆ ಗಿಡಿದುಕೊಳ್ಳುತ್ತದೆ. ಮೇಲಿನ ತಗಡು ಬಿಚ್ಚದೆ ಇದು ಕಾಣದು. ಇಲಿ ಗೂಡು ಕಟ್ಟಿದ್ದರಂತೂ ಕೇಳಲೇಬೇಡಿ. ಕಾವೇರಿದ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ವಾಲ್ವ್ ಸೀಟ್ ಸಡಿಲವಾಗಿ ಏಳುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವ ಮುನ್ನ ತಗಡು ಬಿಚ್ಚಿಸಿ. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಮೊದಲು ಕಂಪ್ರೆಶನ್. ಹ್ಯಾಂಡಲ್‌ನಿಂದ ನಿಧಾನ ತಿರುಗಿಸಿ. ಎರಡು ಸುತ್ತಿಗೆ ನಾಲ್ಕು ಬಾರಿ ಒಂದೇ ಬಗೆಯ ತಡೆ ಕೈಗೆ ಸಿಗಬೇಕು. ಒಂದು ಪೊಳ್ಳಾಗಿದ್ದರೆ ಆ ಸಿಲಿಂಡರಿನ ವಾಲ್ವ್ ಸೋರುತ್ತಿದೆ. ಸೈಲೆನ್ಸರ್ ಬಾಯಲ್ಲಿ ಉಸ್ ಎನ್ನುವ ಸದ್ದು ಕೇಳಿದರೆ ಎಕ್ಸಾಸ್ಟ್ ವಾಲ್ವ್. ಇದು ಸೈಡ್ ವಾಲ್ವ್ ಎಂಜಿನ್, ಹೆಡ್ ತೆಗೆದರೆ ವಾಲ್ವ್ ಎದುರಿಗೇ ಇರುತ್ತದೆ, ರಿಪೇರಿ ಕಷ್ಟದ್ದಲ್ಲ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಮೇಲಕ್ಕೆ ಎಳೆಯಿರಿ. ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿಯುತ್ತದೆ.

ಸ್ಟಾರ್ಟ್ ಆಗದಿದ್ದರೆ ಕಿವಿಗೊಡಿ. ನಿಧಾನ ತಿರುಗಿಸುವಾಗ ಪ್ಲಗ್‌ಗೆ ಕಿಡಿ ಹುಟ್ಟಿಸಿ ಕೊಡುವ ಮ್ಯಾಗ್ನೆಟೊದಿಂದ ಟಕ್ ಟಕ್ ಎಂಬ ಸದ್ದು ಬರಬೇಕು. ಅದು ಇಂಪಲ್ಸ್ ಕಪ್ಲಿಂಗ್. ನಿಧಾನದಲ್ಲೂ ಕಿಡಿಯನ್ನು ಜೋರಾಗಿ ಚಿಮ್ಮಿಸುವ ಸ್ಪ್ರಿಂಗ್. ಸದ್ದಿಲ್ಲದಿದ್ದರೆ ಅದು ಎಣ್ಣೆ ಜಿಡ್ಡಿನಿಂದ ಅಂಟಿದೆ, ತೊಳೆದರೆ ಬಿಡುತ್ತದೆ. ಸದ್ದಿದ್ದೂ ಕಿಡಿ ಇಲ್ಲದಿದ್ದರೆ ಪಾಯಿಂಟ್ ಮಸಿ ಹಿಡಿದಿರುತ್ತದೆ. ಪಾಯಿಂಟ್ ಸಂದು 0.38 ಮಿ.ಮೀ., ಪ್ಲಗ್ ಸಂದು 0.76 ಮಿ.ಮೀ., ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ) 1-3-4-2. ಹಿಂದೆ ಯಾರೋ ವೈರ್ ಅದಲುಬದಲು ಮಾಡಿಟ್ಟಿರುವುದು ಆಶ್ಚರ್ಯ ಎನಿಸುವಷ್ಟು ಸಾಮಾನ್ಯ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಅರ್ಧ ಗಂಟೆಗೆ ಸತ್ತು, ಆರಿದ ಮೇಲೆ ಮತ್ತೆ ಏಳುವ ಎಂಜಿನ್ ಹರಾಜಿನಂಗಳದಲ್ಲಿ ಎಲ್ಲರನ್ನೂ ಮೋಸಗೊಳಿಸುತ್ತದೆ. ಆದ್ದರಿಂದ ಕನಿಷ್ಠ 30–40 ನಿಮಿಷ ಓಡಿಸಿ. ಸತ್ತ ಕ್ಷಣವೇ ಪ್ಲಗ್ ತೆಗೆದು ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಮ್ಯಾಗ್ನೆಟೊ ಕಾಯಿಲ್ ಅಥವಾ ಕಂಡೆನ್ಸರ್ ಕಾವಿಗೆ ಕೈಕೊಡುತ್ತಿದೆ. ಕಿಡಿ ಇದ್ದರೆ ಪೆಟ್ರೋಲ್ ಬರುತ್ತಿಲ್ಲ: ಟ್ಯಾಂಕಿನ ತುಕ್ಕು ಬಂದು ನಳಿಕೆಯ ಬಾಯಿ ಮುಚ್ಚಿದೆ, ಇಲ್ಲವೇ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಮುಚ್ಚಳ ತೆರೆದಾಗ ಉಸಿರೆಳೆದಂತೆ ಸದ್ದಾದರೆ ಅದೇ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯ ರಬ್ಬರ್ ಪೈಪನ್ನೂ, ಕಾರ್ಕ್ ಫ್ಲೋಟಿನ ಅರಗಿನ ಲೇಪವನ್ನೂ ಕರಗಿಸುತ್ತದೆ; ಕಾರ್ಬುರೇಟರ್ ಉಕ್ಕುತ್ತಿದ್ದರೆ ಫ್ಲೋಟ್ ನೋಡಿ.

ಹೊರೆ ಇಲ್ಲದಾಗ ವೇಗ ಏರಿಳಿಯುತ್ತ ಉಯ್ಯಾಲೆಯಾಡಿದರೆ ಪೆಟ್ರೋಲ್ ಮಿಶ್ರಣ ತೆಳು, ಅಥವಾ ವೇಗ ಕಾಯುವ ಗವರ್ನರ್‌ನ ಕಡ್ಡಿಯ ಕೀಲು ಸವೆದಿದೆ. ಪ್ಲಂಜರ್‌ನ ಪ್ರತಿ ಏಟಿಗೂ ಎಂಜಿನ್ ಸ್ವರ ಚೂರು ತಗ್ಗುವುದು ಸಹಜ. ತಗ್ಗಿ ಮೇಲೇಳಲು ಒದ್ದಾಡಿದರೆ ಗವರ್ನರ್ ಸ್ಪ್ರಿಂಗ್ ಸೋತಿದೆ. ಗಡಿಯಾರ ಹಿಡಿದು ಒಂದು ನಿಮಿಷ ಏಟು ಎಣಿಸಿ: ಮಾದರಿಗೆ ತಕ್ಕಂತೆ 60ರಿಂದ 80ರ ನಡುವೆ ಇರಬೇಕು. ಕ್ಲಚ್ ಲಿವರ್ ಒತ್ತಿದಾಗ ಗಟ್ಟಿಯಾಗಿ ‘ಟಕ್’ ಎಂದು ದಾಟಿ ಕೂರಬೇಕು. ಮೆತ್ತಗೆ ಹೋದರೆ ಜಾರುತ್ತದೆ. ಒಳಗಿನ ಹೊಂದಾಣಿಕೆ ಉಂಗುರ ಒಂದೊಂದೇ ಹಲ್ಲು ಬಿಗಿ ಮಾಡಿ ನೋಡಬೇಕು, ತುದಿ ಮುಟ್ಟಿದ್ದರೆ ಪ್ಲೇಟ್ ಮುಗಿದಿದೆ.

ಎಂಜಿನ್ ಬದಲಿಸುವುದಾದರೆ

ಮೂರು ಲೆಕ್ಕ: ಶಕ್ತಿ, ದಿಕ್ಕು, ವೇಗ. ಹಳೆಯದಕ್ಕಿಂತ ಶಕ್ತಿ ಕಡಿಮೆ ಬೇಡ. ಶಾಫ್ಟ್ ತಿರುಗುವ ದಿಕ್ಕು ಬೇಲರ್ ಫ್ಲೈವೀಲ್‌ನ ಬಾಣಕ್ಕೆ ಹೊಂದಬೇಕು. ಕೊಂಡು ತಂದ ಮೇಲೆ ಇದನ್ನು ನೋಡುವವರೇ ಹೆಚ್ಚು. ವೇಗಕ್ಕೆ ಪುಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ: ಹಳೆಯ ಎಂಜಿನ್‌ನ ನಿಮಿಷಕ್ಕೆ 2,200 ಸುತ್ತಿಗೆ 6 ಇಂಚಿನ ಪುಲ್ಲಿ ಇದ್ದರೆ, 1,500 ಸುತ್ತಿನ ಡೀಸೆಲ್‌ಗೆ 6×2,200÷1,500, ಅಂದರೆ 8.8 ಇಂಚಿನದು ಬೇಕು. ನಮ್ಮಲ್ಲಿ ಪಂಪ್‌ಸೆಟ್‌ನ ಒಂಟಿ ಸಿಲಿಂಡರ್ ಡೀಸೆಲ್ ಹೊಳೆಯುವುದು ಸಹಜ, ಆದರೆ ಅದರ ಒದೆತಕ್ಕೆ ಪ್ಲಂಜರ್‌ನ ಒದೆತ ಸೇರಿ ಚಾಸಿಸ್ ಬಿರುಕು ಬಿಡುತ್ತದೆ. ಎರಡು ಸಿಲಿಂಡರಾದರೂ ಸರಿ, ಒಂದಕ್ಕೆ ಮಾತ್ರ ಇಳಿಯಬೇಡಿ.

ಬಿಟ್ಟು ಬರಬೇಕಾದವು

ಗೇರ್‌ಬಾಕ್ಸ್ ಎಣ್ಣೆಯಲ್ಲಿ ಲೋಹ, ನಾಟರ್ ಚೌಕಟ್ಟಿನಲ್ಲಿ ಬಿರುಕು, ಕೊಳೆತ ಚೇಂಬರ್ ತಳ. ಜೊತೆಗೆ ತಂತಿ ಕಟ್ಟುವ ಹಳೆಯ ಕೇಸ್ ಎನ್‌ಸಿಎಂ ಬಗೆಯವು: ಎರಡು ಬದಿ ಇಬ್ಬರು ದೂಳಿನಲ್ಲಿ ಕೂತು ಕೈಯಿಂದ ತಂತಿ ಪೋಣಿಸಬೇಕು. ನೋಡಲು ಸೊಗಸು, ದುಡಿಮೆಗಲ್ಲ. ಬಿಡಿಭಾಗದ ವಿಚಾರದಲ್ಲಿ ನ್ಯೂ ಹಾಲಂಡ್ 269, 273, ಜಾನ್ ಡಿಯರ್ 14ಟಿ, 24ಟಿ ಮೇಲು. ಬಿಲ್‌ಹುಕ್, ಡಿಸ್ಕ್, ಸೂಜಿ ಇವಕ್ಕೆ ಇಂದಿಗೂ ಸಿಗುತ್ತವೆ. ಹೆಸರೇ ಕೇಳಿರದ ಕಂಪನಿಯದಾದರೆ ಒಂದರ ಜೊತೆ ಬಿಡಿಭಾಗಕ್ಕೆಂದು ಇನ್ನೊಂದು ಸಿಕ್ಕಿದರೆ ಮಾತ್ರ ಕೊಳ್ಳಿ.

ಒಪ್ಪಿಗೆಯಾಗಿ ಮನೆಗೆ ಎಳೆದೊಯ್ಯುವ ದಿನ ಸೂಜಿಗಳ ನೊಗವನ್ನು ಹಗ್ಗದಿಂದ ಚಾಸಿಸ್‌ಗೆ ಬಿಗಿದು ಕಟ್ಟಿ. ಗುಂಡಿಯಲ್ಲಿ ಎಗರಿ ಸೂಜಿ ಚೇಂಬರಿಗೆ ನುಗ್ಗಿದ್ದು ತಿಳಿಯದೆ ಮರುದಿನ ಸ್ಟಾರ್ಟ್ ಮಾಡಿದರೆ ಎರಡೂ ಹೋದಂತೆ. ನೆಲದಿಂದ ಹುಲ್ಲು ಬಾಚುವ ಪಿಕಪ್ ಭಾಗವನ್ನು ಎತ್ತಿ ಪಿನ್ ಹಾಕಿ, ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿಸಿ, ಪೆಟ್ರೋಲ್ ಕಾಕ್ ಮುಚ್ಚಿ. ಮೊದಲ ಸಲ ಹೊಲಕ್ಕಿಳಿಸುವಾಗ ಸೈಲೆನ್ಸರ್ ಸುತ್ತಲಿನ ಹೊಟ್ಟು ಗುಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಟ್ರಾಕ್ಟರ್ ಮೇಲೇ ಇರಲಿ, ಮತ್ತು ಸಿಕ್ಕಿಕೊಂಡ ಹುಲ್ಲು ತೆಗೆಯಲು ಹೋಗುವ ಮುನ್ನ ಎಂಜಿನ್ ಆಫ್ ಮಾಡಿ, ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಿರಿ.